ಅಣ್ಣ ಕೊಟ್ಟ ಹಳದಿ ಚೀಲ

ನನ್ನ ಕಾಯಿಲೆಯ ಪೂರ್ತಿ ಹೆಸರು ಹೇಳಲು ಡಾಕ್ಟರಮ್ಮನೇ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳುತ್ತಾರೆ. ನನಗಂತೂ ನಾಲಿಗೆ ಹೊರಳುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟು: ಮೂಳೆಯೊಳಗಿನ ಮಜ್ಜೆ ಕೈಕೊಟ್ಟಿದೆ. ರಕ್ತ ಹೆಪ್ಪುಗಟ್ಟಬೇಕಾದರೆ ಪ್ಲೇಟ್‌ಲೆಟ್ ಎಂಬ ಕಣಗಳು ಬೇಕಂತೆ. ಅವನ್ನು ತಯಾರಿಸುವ ಕೆಲಸವನ್ನು ಅದು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದೆ. ಎಲ್ಲರಲ್ಲಿ ಲಕ್ಷಗಟ್ಟಲೆ ಇರುವ ಆ ಲೆಕ್ಕ ನನ್ನಲ್ಲಿ ಹತ್ತು ಸಾವಿರ ಮುಟ್ಟಿದರೆ ಆವತ್ತು ನರ್ಸುಗಳ ಮುಖ ಸ್ವಲ್ಪ ಅರಳುತ್ತದೆ. ಹಲ್ಲುಜ್ಜಿದರೆ ರಕ್ತ, ಸೀನಿದರೆ ರಕ್ತ. ಮಂಚದ ಅಂಚಿಗೆ ಮೊಣಕಾಲು ತಗಲಿದರೆ ಅಂಗೈಯಗಲ ಕಂದುತ್ತದೆ. ಇವೆಲ್ಲ ಹೊರಗೆ ಕಾಣುವಂಥವು. ತಲೆಯೊಳಗೆ ಎಲ್ಲಾದರೂ ಸೋರಲು ಶುರುವಾದರೆ ಕಥೆ ಮುಗಿದ ಹಾಗೆಯೇ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸುತ್ತಿಬಳಸಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ಹಾಗಾಗಿ ಆಕೆಯ ಮೇಲೆ ನನಗೆ ಗೌರವವಿದೆ.

ನಾನು, ನನ್ನಣ್ಣ ಸೇರಿ ಮರದ ಸಾಮಾನಿನ ಕಾರ್ಖಾನೆ ನಡೆಸುತ್ತಿದ್ದೆವು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ತಗಡಿನ ಮಾಡಿನ ಉದ್ದನೆಯ ಒಂದು ಕೋಣೆ. ಮುಂದಿನ ಅರ್ಧದಲ್ಲಿ ಅಣ್ಣ ಮರ ಕೊಯ್ದು, ಉಜ್ಜುಗೊರಡು ಹಿಡಿದು, ಕೀಲು ಕೂಡಿಸುತ್ತಿದ್ದ. ಹಿಂದಿನ ಅರ್ಧ ನನ್ನ ರಾಜ್ಯ. ಅವನು ಮಾಡಿದ ಮೇಜು, ಬೀರು, ಮಂಚಕ್ಕೆಲ್ಲ ನಾನು ಮರಳುಕಾಗದ ತಿಕ್ಕಿ ಪಾಲಿಶ್ ಹಚ್ಚುತ್ತಿದ್ದೆ. ಬೀದಿಯಲ್ಲಿ ನನಗೆ ಇರುವ ಹೆಸರೂ ಪಾಲಿಶ್ ಎಂದೇ. ಪಾಲಿಶ್ ತೆಳುಮಾಡುವ ಥಿನ್ನರಿನ ವಾಸನೆ ನನಗೆ ಹಿಡಿಸಿಬಿಟ್ಟಿತ್ತು. ಬೆಳಿಗ್ಗೆ ಅದು ಮೂಗಿಗೆ ಬಡಿಯದಿದ್ದರೆ ದಿನ ಶುರುವಾದ ಹಾಗೇ ಅನ್ನಿಸುತ್ತಿರಲಿಲ್ಲ. ಅಣ್ಣ ತಂದುಕೊಟ್ಟ ಮಾಸ್ಕು ಮೊಳೆಗೆ ನೇತುಹಾಕಿದ್ದು ಅಲ್ಲೇ ಧೂಳು ತಿಂದಿತು. ಅದನ್ನು ಹಾಕಿಕೊಂಡರೆ ಮುಖಕ್ಕೆ ಚಡ್ಡಿ ತೊಡಿಸಿದ ಹಾಗಾಗುತ್ತದೆ ಎಂದು ನಾನು ಹೇಳುತ್ತಿದ್ದೆ, ಅಣ್ಣ ಬೈಯುತ್ತಿದ್ದ. ಸಂಜೆ ಬಾಗಿಲು ಎಳೆದ ಮೇಲೆ ಇಬ್ಬರೂ ಒಂದಿಷ್ಟು ಕುಡಿಯುತ್ತಿದ್ದೆವು. ಅವನು ಅಳತೆಯಲ್ಲಿ ಕುಡಿಯುತ್ತಿದ್ದ. ನನಗೆ ಅಳತೆ ಗೊತ್ತಿರಲಿಲ್ಲ. ಮದುವೆಯೂ ಆಗಲಿಲ್ಲ, ಹೇಳುವವರೂ ಕೇಳುವವರೂ ಇರಲಿಲ್ಲ. ಊಟ ಮಾತ್ರ ಅತ್ತಿಗೆಯ ಕೈಯದು, ಹೊತ್ತು ಹೊತ್ತಿಗೆ.

“ಇದು ಥಿನ್ನರಿನಿಂದ ಬಂತಾ, ಕುಡಿತದಿಂದ ಬಂತಾ?” ಎಂದು ನಾನು ಒಮ್ಮೆ ಡಾಕ್ಟರಮ್ಮನನ್ನು ಕೇಳಿದ್ದೆ.

“ವಯಸ್ಸಿನದೂ ಪಾಲಿದೆ. ಯಾವುದರದ್ದು ಎಷ್ಟು ಅಂತ ಬಿಡಿಸಿ ಹೇಳೋಕೆ ನನ್ನಿಂದಾಗಲ್ಲ,” ಎಂದರು.

ಮೊದಮೊದಲು ಯಾರ್ಯಾರೋ ದಾನ ಮಾಡಿದ ಪ್ಲೇಟ್‌ಲೆಟ್ ಚೀಲಗಳು ನನಗೆ ಏರುತ್ತಿದ್ದವು. ಸ್ವಲ್ಪ ಕಾಲ ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನ ಮೈಗೆ ಏನು ಬಂತೋ, ಹೊರಗಿನವರ ಕಣ ಒಳಗೆ ಕಾಲಿಟ್ಟ ಕೂಡಲೇ ಹೊಡೆದು ಹಾಕತೊಡಗಿತು. ಚೀಲ ಏರಿಸಿ ಪರೀಕ್ಷೆ ಮಾಡಿದರೆ ಲೆಕ್ಕ ಇದ್ದಲ್ಲೇ ಇರುತ್ತಿತ್ತು. ನನ್ನ ಸ್ವಭಾವವೇ ನನ್ನ ರಕ್ತಕ್ಕೂ ಬಂದಿದೆ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಎಂದು ನಾನು ತಮಾಷೆ ಮಾಡಿದರೆ ಅತ್ತಿಗೆ ಮುಖ ಆಚೆ ತಿರುಗಿಸಿದರು. ಒಡಹುಟ್ಟಿದವರದು ಹೊಂದಬಹುದು ಎಂದು ಅಣ್ಣನ ರಕ್ತ ಪರೀಕ್ಷೆಗೆ ಕಳಿಸಿದರು. ಹೊಂದಿತು. ದಾನಿಗಳಲ್ಲಿ ಹುಡುಕಿದಷ್ಟರಲ್ಲಿ ಅವನ ಹಾಗೆ ಹೊಂದುವವರು ಬೇರೆ ಒಬ್ಬರೂ ಸಿಗಲಿಲ್ಲ.

ಆದರೆ ಅಣ್ಣನಿಗೆ ಅರವತ್ತು ಹತ್ತಿರ ಬರುತ್ತಿತ್ತು. ಪ್ಲೇಟ್‌ಲೆಟ್ ತೆಗೆಯುವ ಕೋಣೆಯಲ್ಲಿ ಅವನ ರಕ್ತ ನೋಡಿದ ಟೆಕ್ನಿಷಿಯನ್, ಲೆಕ್ಕ ಸಾಲದು ಎಂದು ವಾಪಸು ಕಳಿಸಿದ. ಅಣ್ಣನಿಗೆ ಅವಮಾನವೇ ಆಯಿತು. ಮರದ ದಿಮ್ಮಿ ಒಬ್ಬನೇ ಹೊರುವ ಗಂಡಸು ಅವನು. ನೆಟ್ಟಗೆ ಡಾಕ್ಟರಮ್ಮನ ಬಳಿ ಬಂದು, “ನನ್ನ ರಕ್ತಕ್ಕೇನು ರೋಗ?” ಎಂದು ಜಗಳಕ್ಕೇ ನಿಂತ.

“ರೋಗ ಏನಿಲ್ಲ. ಗಂಡಸರಲ್ಲಿ ಇದು ಹೆಂಗಸರಿಗಿಂತ ಮೊದಲೇ ಒಂದು ಕೈ ಕಡಿಮೆ. ವಯಸ್ಸಾದ ಹಾಗೆ ಇನ್ನೂ ಇಳಿಯುತ್ತೆ,” ಎಂದರು ಆಕೆ. “ವಯಸ್ಸನ್ನ ನಾವು ಹಿಂದಕ್ಕೆ ತಿರುಗಿಸೋಕಾಗಲ್ಲ. ಕುಡಿಯೋದನ್ನ ಬಿಡಬಹುದಲ್ಲ? ಕುಡಿತ ಮಜ್ಜೆಯನ್ನ ಮಂಕು ಮಾಡುತ್ತೆ. ಬಿಟ್ಟು ಕೆಲವು ವಾರಕ್ಕೆ ಚೇತರಿಸಿಕೊಳ್ಳುತ್ತೆ.”

“ಸಿಗರೇಟು?”

“ಅದು ಲೆಕ್ಕ ಇಳಿಸೋದಕ್ಕಿಂತ ಅವುಗಳ ಬುದ್ಧಿ ಕೆಡಿಸುತ್ತೆ. ಬೇಡದ ಕಡೆ ಹೋಗಿ ಅಂಟ್ಕೊಳ್ತಾವೆ. ಹೃದಯದ ನಾಳದಲ್ಲಿ ಅಂಟ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ?”

ಅಣ್ಣನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಮರದ ಹೊಟ್ಟಿನ ಮೇಲೆ ಕುಸಿದಿದ್ದ. ಬೇರೆ ಆಸ್ಪತ್ರೆಯಲ್ಲಿ, ನಾಳ ಮತ್ತೆ ಮುಚ್ಚದಿರಲಿ ಎಂದು ಒಳಗೆ ಸ್ಟೆಂಟ್ ಕೂರಿಸಿ ಕಳಿಸಿದ್ದರು. ರಕ್ತ ತೆಳುವಾಗಿರಲಿ ಎಂದು ದಿನಕ್ಕೊಂದು ಆಸ್ಪಿರಿನ್ ಕೊಟ್ಟಿದ್ದರು. ಈ ಸಂಗತಿ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ, ಅಣ್ಣ ಆಗಲೂ ಬಾಯಿ ಬಿಡಲಿಲ್ಲ. ಆಕೆ ಅತ್ತ ಹೋದ ಮೇಲೆ ನಾನೇ ಕೇಳಿದೆ. “ಆ ಮಾತ್ರೆ ನಿಲ್ಲಿಸಿ ಎಷ್ಟೋ ಕಾಲ ಆಯ್ತು ಮಾರಾಯ. ಎಲ್ಲ ಸರಿಹೋಗಿದೆ, ಇನ್ನು ಸಾಕು ಅಂತ ಹೃದಯದ ಡಾಕ್ಟ್ರೇ ಹೇಳಿದ್ರು,” ಎಂದ. ಅಣ್ಣ ಹೇಳಿದ್ದನ್ನು ನಂಬುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಮಾರನೆಯ ದಿನದಿಂದಲೇ ಅವನು ಬಾಟಲಿ ಮುಟ್ಟಲಿಲ್ಲ. ಸಿಗರೇಟು ಬಿಟ್ಟ. ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗತೊಡಗಿದ. ಜನ್ಮದಲ್ಲಿ ಸೊಪ್ಪು ಮುಟ್ಟದವನು ತಟ್ಟೆ ತುಂಬ ಸೊಪ್ಪು ಹಾಕಿಸಿಕೊಂಡು, ಹಸುವಿನ ಹಾಗೆ ಮೆಲ್ಲುತ್ತ, “ಅವನಿಗೋಸ್ಕರ ಇನ್ನೂ ಏನೇನು ತಿನ್ನಬೇಕೋ” ಎಂದು ನನ್ನ ಮೇಲೆ ರೇಗುತ್ತಿದ್ದನಂತೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಲೆಕ್ಕ ಏರಿತ್ತು. ಹೃದಯದ ತೊಂದರೆ ಇದೆಯೇ, ಮಾತ್ರೆ ಏನಾದರೂ ನುಂಗುತ್ತೀರಾ ಎಂದು ಟೆಕ್ನಿಷಿಯನ್ ಕೇಳಿದ್ದಕ್ಕೆ ಅಣ್ಣ ಸರಾಗವಾಗಿ ಇಲ್ಲ ಎಂದನಂತೆ. ಅವನನ್ನು ಒರಗುಕುರ್ಚಿಯಲ್ಲಿ ಕೂರಿಸಿ ತೋಳಿಗೆ ಸೂಜಿ ಚುಚ್ಚಿದರು. ರಕ್ತ ಯಂತ್ರದೊಳಗೆ ಹೋಗಿ ತಿರುಗಿ, ಪ್ಲೇಟ್‌ಲೆಟ್ ಕಳೆದುಕೊಂಡು ಅವನ ಮೈಗೇ ವಾಪಸಾಗುತ್ತಿತ್ತು. ಮುಗಿಯುವ ಹೊತ್ತಿಗೆ ಯಂತ್ರದ ಪಕ್ಕದಲ್ಲಿ ಹಳದಿ ಚೀಲ ತುಂಬಿತ್ತು.

ಆ ಚೀಲ ನನ್ನ ಮಂಚದ ಪಕ್ಕದ ಕಂಬಕ್ಕೆ ನೇತಾಡಿದಾಗ ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿದರೆ ಬರುವ ಬಣ್ಣ. ನಾನು ಜೀವಮಾನವಿಡೀ ಅಣ್ಣನ ಮರಕ್ಕೆ ಬಳಿದ ಬಣ್ಣವೇ ಈಗ ಅವನ ಮೈಯಿಂದ ನನ್ನ ಮೈಗೆ ಇಳಿಯುತ್ತಿತ್ತು. ಅಣ್ಣ ತೋಳಿಗೆ ಪಟ್ಟಿ ಸುತ್ತಿಕೊಂಡು, ರಾಜನ ಹಾಗೆ ಬಂದು ಎದುರಿಗೆ ನಿಂತ. “ನೋಡಿಕೋ, ಇನ್ನು ನಿನ್ನ ಮೂಗು ನನ್ನ ಮಾತು ಕೇಳುತ್ತೆ,” ಎಂದ.

ಮೂಗು ಕೇಳಲಿಲ್ಲ. ಚೀಲ ಖಾಲಿಯಾದ ಮೇಲೆ ಪರೀಕ್ಷೆ ಮಾಡಿದರೆ ಲೆಕ್ಕ ನಿಜಕ್ಕೂ ಏರಿತ್ತು, ನರ್ಸುಗಳು ಕುಣಿಯುವುದೊಂದು ಬಾಕಿ. ಆದರೆ ಮೂಗಿನಿಂದ ರಕ್ತ ಇಳಿಯುವುದು ನಿಲ್ಲಲಿಲ್ಲ. ಹತ್ತಿ ತುರುಕಿದರೆ ಹತ್ತಿ ತೊಯ್ಯುತ್ತಿತ್ತು. ಒಸಡಿನಲ್ಲಿ ಮತ್ತೆ ಮತ್ತೆ ರಕ್ತದ ರುಚಿ. ಕೆಲವು ದಿನ ಬಿಟ್ಟು ಅಣ್ಣ ಎರಡನೆಯ ಚೀಲ ಕೊಟ್ಟ. ಅದೇ ಕಥೆಯಾಯಿತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

“ಕಣ ಒಳಗಿವೆ, ಕೆಲಸ ಮಾಡ್ತಿಲ್ಲ,” ಎಂದರು. “ಇದಕ್ಕೆ ಬೇರೆ ಕಾರಣವೂ ಇರಬಹುದು. ಆದ್ರೆ ನಿಮ್ಮಣ್ಣ ತಲೆನೋವಿಗೆ, ಮೈಕೈ ನೋವಿಗೆ ಅಂತ ಏನಾದ್ರೂ ನುಂಗಿದಾರಾ ಕೇಳಿ. ಆಸ್ಪಿರಿನ್ ಒಂದು ಹೊಟ್ಟೆಗೆ ಹೋದ್ರೂ ಆ ಪ್ಲೇಟ್‌ಲೆಟ್‌ಗಳು ಸಾಯೋತನಕ ಕೈಕಟ್ಟಿ ಕೂರ್ತಾವೆ. ನೋಡೋಕೆ ಇರ್ತಾವೆ, ಅಷ್ಟೇ.”

ಮಧ್ಯಾಹ್ನ ಅಣ್ಣ ಬಂದಾಗ ನಾನು ಮೊದಲು ನೋಡಿದ್ದು ಅವನ ಕೈ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬೆಳಿಗ್ಗೆ ಉಳಿ ತಾಗಿತಂತೆ. ಬಡಗಿಗೆ ಅದೊಂದು ಲೆಕ್ಕವಲ್ಲ. ಬೆರಳು ಬಾಯಿಗಿಟ್ಟು ಚೀಪಿ ಕೆಲಸ ಮುಂದುವರಿಸುವ ಮನುಷ್ಯ ಅವನು. ಆಸ್ಪಿರಿನ್ ಶುರುವಾದ ಕಾಲದಲ್ಲಿ ಮಾತ್ರ ಸಣ್ಣ ಗೀರಿಗೂ ಮಧ್ಯಾಹ್ನದವರೆಗೆ ಬಟ್ಟೆ ಕಟ್ಟಿಕೊಂಡಿರಬೇಕಾಗುತ್ತಿತ್ತು. ಇವತ್ತೂ ಬಟ್ಟೆ ತೊಯ್ದು ಕೆಂಪಾಗಿತ್ತು.

“ಮಾತ್ರೆ ಬಿಟ್ಟಿಲ್ಲ ನೀನು,” ಎಂದೆ.

“ಏನಂದೆ?”

“ಬೆರಳು ನೋಡ್ಕೋ. ಆ ಮಾತ್ರೆ ನುಂಗ್ತಿದೀಯ. ನಿನ್ನ ಜೀವ ನಿನಗೆ ಮುಖ್ಯ, ಸರಿ. ಒಪ್ಕೋತೀನಿ. ಆದ್ರೆ ಕೊಟ್ಟ ಹಾಗೆ ನಾಟಕ ಯಾಕೆ ಮಾಡ್ತೀಯ? ನಾನು ನಿನ್ನ ಕೇಳಿದ್ನಾ?”

ನನ್ನ ಬಾಯಿಗೆ ಬೀಗ ಇಲ್ಲ. ಆ ಮಾತ್ರೆಯಿಂದಲೇ ನಿನ್ನ ಕಣ ಕೆಲಸಕ್ಕೆ ಬಾರದಂತಾಗಿವೆ ಎಂದೆ, ಇನ್ನೂ ಏನೇನೋ ಅಂದೆ. ಪಕ್ಕದ ಮಂಚದವನು ಗೋಡೆಯ ಕಡೆ ಹೊರಳಿಕೊಂಡ. ಅಣ್ಣ ಮೊದಲು ಬೆಪ್ಪಾಗಿ ನಿಂತ, ಆಮೇಲೆ ಅವನ ಮುಖ ಇಷ್ಟಿಷ್ಟೇ ಕಪ್ಪಿಟ್ಟಿತು. “ಅಮ್ಮನ ಆಣೆಗೂ ಮುಟ್ಟಿಲ್ಲ ಕಣೋ. ನೀನು ಹೀಗಂತೀಯ ಅಂದ್ಕೊಂಡಿರಲಿಲ್ಲ,” ಎಂದು ಹೇಳಿ, ಕೂರದೆಯೇ ಹೊರಟುಹೋದ. ಅವನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುವವರೆಗೂ ಕೇಳಿಸಿತು. ಅಮ್ಮನ ಮೇಲೆ ಆಣೆ ಹಾಕಿ ಸುಳ್ಳು ಹೇಳುವವನಲ್ಲ ಅವನು. ಹಾಗಾದರೆ ಆ ಬೆರಳು? ನನಗೆ ತಲೆಬುಡ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ಒಬ್ಬರೇ ಬಂದರು. ಅವರು ನಮ್ಮ ಮನೆಗೆ ಬಂದಾಗ ನನಗಿನ್ನೂ ಮೀಸೆ ಚಿಗುರಿರಲಿಲ್ಲ. ಅಂದಿನಿಂದ ಇಂದಿನವರೆಗೆ ಅವರು ನನ್ನನ್ನು ಬೈದದ್ದು ಹೆಚ್ಚು, ಹೊಗಳಿದ್ದು ಇಲ್ಲವೇ ಇಲ್ಲ. ಆದರೆ ನಾನು ಹಸಿದು ಮಲಗಿದ್ದೂ ಇಲ್ಲ. ಅವರು ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅದರ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದರು. ನನ್ನ ಮುಖ ನೋಡಲಿಲ್ಲ.

“ನಿಮ್ಮಣ್ಣ ನಿನ್ನೆಯಿಂದ ಊಟ ಮಾಡಿಲ್ಲ,” ಎಂದರು.

“ಕೋಪ ಬಂದಿರಬೇಕು.”

“ಕೋಪ ಬಂದಿದ್ರೆ ಕೂಗಾಡ್ತಿದ್ರು. ಅಳ್ತಿದಾರೆ.”

ಅಣ್ಣ ಅತ್ತದ್ದನ್ನು ನಾನು ಅಪ್ಪ ಹೋದ ದಿನ ನೋಡಿದ್ದೇ ಕೊನೆ.

“ಅವರು ಮಾತ್ರೆ ನುಂಗ್ತಿಲ್ಲ,” ಎಂದರು ಅತ್ತಿಗೆ. “ನಾನು ಕುಡಿಸ್ತಿದೀನಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರೇ ಒಂದೊಂದಾಗಿ ಹೇಳಿದರು. ಆಸ್ಪಿರಿನ್ ಸಾಕು ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಬದುಕಿರುವವರೆಗೂ ಬಿಡಬಾರದು, ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳುತ್ತದೆ ಎಂದೇ ಹೇಳಿದ್ದರು. ನನ್ನ ರಕ್ತಕ್ಕೆ ಅವನದು ಹೊಂದಿತು ಎಂದು ಗೊತ್ತಾದ ವಾರವೇ, ಆ ಮಾತ್ರೆ ನುಂಗುವವರಿಂದ ತೆಗೆದುಕೊಳ್ಳುವುದಿಲ್ಲ ಎಂದು ಯಾರಿಂದಲೋ ಕೇಳಿ ಅಣ್ಣ ಅದನ್ನು ನಿಲ್ಲಿಸಿದ್ದ. ಕಾರ್ಖಾನೆ ಗುಡಿಸಲು ಹೋದ ಅತ್ತಿಗೆಗೆ ಹೊಟ್ಟಿನ ರಾಶಿಯಲ್ಲಿ ಮಾತ್ರೆಗಳು ಸಿಕ್ಕವು. ಕೇಳಿದರೆ ಅಣ್ಣ ಕೈಮುಗಿದು, “ತಮ್ಮ ಉಳೀಲಿ, ಆಮೇಲೆ ಮತ್ತೆ ಶುರು ಮಾಡ್ತೀನಿ, ನೀನು ಬಾಯಿ ಬಿಡಬೇಡ,” ಎಂದನಂತೆ. ಅತ್ತಿಗೆ ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಮಾತ್ರೆಯನ್ನು ಚಮಚದ ಹಿಂಬದಿಯಿಂದ ಅರೆದು ಅವನ ಕಾಫಿಗೆ ಹಾಕಿದರು. ಈಚೆಗೆ ಕಾಫಿ ಹುಳಿ ಹೊಡೆಯುತ್ತಿದೆ ಎಂದು ಅಣ್ಣ ಗೊಣಗಿದರೆ, ತಪ್ಪನ್ನು ಹಾಲಿನವನ ಮೇಲೆ ಹಾಕಿದರಂತೆ.

“ಅದರಿಂದ ಲೆಕ್ಕ ಕಮ್ಮಿಯಾಗುತ್ತೆ ಅಂದ್ಕೊಂಡಿದ್ದೆ,” ಎಂದರು. “ಕೊಡೋಕೆ ಹೋದಾಗ ಅವರೇ ಬೇಡ ಅಂದು ವಾಪಸು ಕಳಿಸ್ತಾರೆ, ಮುಗೀತು, ಅಂತ. ಲೆಕ್ಕ ಏರಿತು, ತಗೊಂಡ್ರು. ನಿನಗೆ ಕೆಲಸಕ್ಕೆ ಬಾರದೇ ಇರೋದು ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ನಿನ್ನೆ ನೀನು ಅಂದಿದ್ದನ್ನ ಅವರು ಬಂದು ಹೇಳಿದಾಗಲೇ ಗೊತ್ತಾಗಿದ್ದು.”

ಸಿಟ್ಟು ನೆತ್ತಿಗೇರಿತು. ಈ ಹೆಂಗಸು ಎರಡು ಬಾರಿ ನನ್ನ ಜೀವವನ್ನು ಕಾಫಿಯಲ್ಲಿ ಕಲಕಿದ್ದಾರೆ ಎನ್ನಿಸಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವರು ಮೊದಲ ಸಲ ತಲೆಯೆತ್ತಿ ನನ್ನನ್ನು ನೆಟ್ಟಗೆ ನೋಡಿದರು.

“ನಾನು ಮೊದಲು ಅವರ ಹೆಂಡ್ತಿ. ನಿನ್ನ ಅತ್ತಿಗೆ ಆಮೇಲೆ,” ಎಂದರು. “ಬೈಬೇಕಾದ್ರೆ ಬೈದುಬಿಡು. ಇವತ್ತಿನಿಂದ ಹಾಕಲ್ಲ. ಇವತ್ತು ಹಾಕಿಲ್ಲ. ಕೆಲವು ದಿನ ಕಳೀಲಿ, ಅವರು ಬಂದು ಕೊಡ್ತಾರೆ. ಆಮೇಲೆ ಏನಾಗುತ್ತೋ ಆಗಲಿ.”

ಅವರು ಕಣ್ಣೊರೆಸಿಕೊಳ್ಳಲಿಲ್ಲ. ಡಬ್ಬಿಯಿಂದ ತಟ್ಟೆಗೆ ಬಡಿಸಿ, ನನ್ನ ಒಸಡಿಗೆ ತಾಗದಂತೆ ಅನ್ನವನ್ನು ಹಿಸುಕಿ ಮೆತ್ತಗೆ ಮಾಡಿ ಮುಂದಿಟ್ಟರು. ನಾನು ಉಂಡೆ. ಅವರು ಪಾತ್ರೆ ತೊಳೆಯಲು ಎದ್ದಾಗ, ಅಣ್ಣನಿಗೆ ಇದನ್ನು ಹೇಳಬೇಡಿ ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ ಮಧ್ಯಾಹ್ನವಿಡೀ ಮಾಡು ನೋಡುತ್ತ ಮಲಗಿದ್ದೆ. ನನಗೆ ಬದುಕುವ ಆಸೆ ಇದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ತ್ಯಾಗಿಯ ವೇಷ ನನಗೆ ಒಪ್ಪುವುದಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಅಣ್ಣನ ಮೈಯಲ್ಲಿ ಹೊಸ ಕಣ ಹುಟ್ಟುತ್ತವೆ, ಅವನೇ ತೋಳು ಚಾಚುತ್ತಾನೆ, ಮುಂದಿನ ಚೀಲ ಕೆಲಸ ಮಾಡುತ್ತದೆ. ಬಾಯಿ ಮುಚ್ಚಿಕೊಂಡಿರುವುದಷ್ಟೇ ನನ್ನ ಕೆಲಸ. ಆದರೆ ಕಣ್ಣು ಮುಚ್ಚಿದರೆ ಹೊಟ್ಟಿನ ಮೇಲೆ ಬಿದ್ದಿದ್ದ ಅಣ್ಣ ಕಾಣುತ್ತಿದ್ದ. ಅವತ್ತು ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಬಾಯಿ ಒಂದು ಕಡೆ ತೆರೆದಿತ್ತು. ಅವನನ್ನು ಎತ್ತಿ ಗಾಡಿಗೆ ಹಾಕಿದ್ದು ನಾನೇ. ಆ ಭಾರ ಇನ್ನೂ ನನ್ನ ತೋಳಿನಲ್ಲಿದೆ.

ಸಂಜೆ ಡಾಕ್ಟರಮ್ಮ ಬಂದಾಗ ಹೇಳಿಬಿಟ್ಟೆ. ಅಣ್ಣನಿಗೆ ಸ್ಟೆಂಟ್ ಇದೆ, ಆಸ್ಪಿರಿನ್ ಬೇಕೇ ಬೇಕು, ಅದು ಅವನ ಹೊಟ್ಟೆಗೆ ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತು ಎಂಬುದನ್ನು ಹೇಳಲಿಲ್ಲ, ಆಕೆಯೂ ಕೆದಕಲಿಲ್ಲ. ಆಕೆ ನನ್ನ ಮಂಚದ ಕಂಬಿ ಹಿಡಿದುಕೊಂಡರು.

“ಹಾಗಾದ್ರೆ ಇನ್ನು ಅವರಿಂದ ತಗೊಳ್ಳೋಕಾಗಲ್ಲ,” ಎಂದರು. “ಯಾವತ್ತೂ ಆಗಲ್ಲ. ಗೊತ್ತಿದ್ದೇ ಹೇಳ್ತಿದೀರಾ?”

“ಗೊತ್ತಿದೆ.”

“ಹೊಂದೋರು ಬೇರೆ ಯಾರಾದ್ರೂ ಸಿಗ್ತಾರಾ ಅಂತ ಹುಡುಕ್ತಾ ಇರ್ತೀವಿ. ಸಿಕ್ಕೇ ಸಿಗ್ತಾರೆ ಅಂತ ನಾನು ಮಾತು ಕೊಡಲ್ಲ.”

“ಕೊಡಬೇಡಿ,” ಎಂದೆ. ಆಕೆ ನನ್ನ ಭುಜ ಮುಟ್ಟಿದರು, ಚರ್ಮ ಕಂದದ ಹಾಗೆ, ಎರಡೇ ಬೆರಳಿನಲ್ಲಿ.

ಮರುದಿನ ಬೆಳಿಗ್ಗೆ ಅಣ್ಣ ಬಿರುಗಾಳಿಯ ಹಾಗೆ ಬಂದ. ಕೆಳಗೆ ಪ್ಲೇಟ್‌ಲೆಟ್ ಕೋಣೆಗೆ ಹೋಗಿ, ಮುಂದಿನ ಸಲ ಯಾವಾಗ ಬರಲಿ ಎಂದು ಕೇಳಿದ್ದಾನೆ. ನಿಮಗೆ ಸ್ಟೆಂಟ್ ಇದೆಯಂತಲ್ಲ, ಇನ್ನು ಬರಬೇಡಿ ಎಂದಿದ್ದಾರೆ. ಅತ್ತಿಗೆ ಅವನ ಹಿಂದೆಯೇ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

“ನನ್ನ ಹಾರ್ಟಿನ ವಿಷಯ ಯಾರು ಹೇಳಿದ್ದು ಅವರಿಗೆ?” ಅಣ್ಣ ಕೂಗಿದ.

“ನಾನು.”

“ನಿನಗೇನು ಹುಚ್ಚಾ? ಬೇರೆ ಯಾರದ್ದೂ ನಿನಗೆ ಹಿಡಿಯಲ್ಲ ಕಣೋ! ನಾನು ಕೊಡ್ತೀನಿ ಅಂದ್ರೆ ತಗೊಂಡು ಬಿದ್ದಿರೋಕೆ ನಿನಗೇನು ರೋಗ?”

“ಮಾತ್ರೆ ನಿಲ್ಲಿಸಿ ಚೀಲ ಕೊಡ್ತೀಯ. ನಾಳೆ ನೀನು ಅಲ್ಲೇ ಯಂತ್ರದ ಪಕ್ಕ ಬಿದ್ರೆ?”

“ಬಿದ್ರೆ ಬೀಳ್ತೀನಿ! ನನ್ನ ಜೀವ, ನನ್ನಿಷ್ಟ. ನಿನ್ನ ಕೇಳಬೇಕಾ?”

“ನಿನ್ನ ಇಷ್ಟ ಒಂದೇ ಅಲ್ಲಣ್ಣ,” ಎಂದೆ. ಬಾಗಿಲ ಕಡೆ ನೋಡಬಾರದು ಎಂದುಕೊಂಡಿದ್ದರೂ ಕಣ್ಣು ಅತ್ತ ಹೋಯಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಅಣ್ಣ ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಷ್ಟು ಹೊಳೆಯಿತೋ ನನಗೆ ಗೊತ್ತಿಲ್ಲ, ಇವತ್ತಿಗೂ ನಾನು ಕೇಳಿಲ್ಲ. ಮರದ ಹೊಟ್ಟು ಮೆತ್ತಿದ ಆ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಹುಟ್ಟಿದಾಗಿನಿಂದ ನನಗೆ ಏನಾದರೂ ಮಾಡಿಕೊಡುತ್ತಲೇ ಇದ್ದ ಮನುಷ್ಯನಿಗೆ, ಮಾಡಲು ಏನೂ ಉಳಿದಿರಲಿಲ್ಲ.

“ಮೊನ್ನೆ ಅಂದಿದ್ದಕ್ಕೆ ತಪ್ಪಾಯ್ತು,” ಎಂದೆ. ಅವನು ಕೈ ಬೀಸಿ ಅದನ್ನು ಆಚೆ ತಳ್ಳಿದ. ಆಮೇಲೆ ನಾನು ಅವನೆದುರು ಎಂದೂ ಆಡದ ಮಾತೊಂದು ಬಾಯಿಂದ ಬಂತು.

“ಅಣ್ಣಾ, ನಂಗೆ ಹೆದರಿಕೆ ಆಗ್ತಿದೆ.”

ಅವನು ಮಂಚದ ಕೆಳಗಿನ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತ. ಈ ಆಸ್ಪತ್ರೆಗೆ ಬಂದಷ್ಟು ಸಲವೂ, ಕಾರ್ಖಾನೆಯಲ್ಲಿ ಕೆಲಸ ಬಾಕಿ ಇದೆ ಎಂದು ನಿಂತೇ ಮಾತಾಡಿ ಹೋಗುತ್ತಿದ್ದವನು. ನನ್ನ ಕೈಯನ್ನು ಕಂದದ ಹಾಗೆ ಮೆಲ್ಲಗೆ ತೆಗೆದು ತನ್ನ ಅಂಗೈ ಮೇಲೆ ಇಟ್ಟುಕೊಂಡ, ಹಿಡಿಯಲಿಲ್ಲ.

“ನಂಗೂ ಕಣೋ,” ಎಂದ.

ಆವತ್ತು ಅವನು ಕಾರ್ಖಾನೆಯ ಬಾಗಿಲು ತೆರೆಯಲಿಲ್ಲ.